ಒಟ್ಟು ಸಾಲಿಗೆ 12% ಹೊಡೆದರೆ ಏನಾಗುತ್ತದೆ: ಕಾಫಿ ಬಜೆಟ್ಟಿನ ಒಂದು ಪ್ರಕರಣ ಅಧ್ಯಯನ

ಒಂದು ಕಾಫಿ ತೋಟಗಳ ಸಂಸ್ಥೆ, ಹೆಡ್ ಆಫೀಸು ಚಿಕ್ಕಮಗಳೂರಿನಲ್ಲಿ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಒಂದೊಂದು ರೊಬಸ್ಟಾ ಕಾಫಿ ತೋಟ. ಆಲ್ದೂರಿನ ಹತ್ತಿರ ಈಚೆಗೆ ನೆಟ್ಟು, ಬರುವ ಕೊಯ್ಲಿಗೆ ಮೊದಲ ಫಸಲು ಕೊಡಲಿರುವ ಹೊಸ ಬ್ಲಾಕ್ ಒಂದು. ವರ್ಷ ವರ್ಷ ಎಕ್ಸೆಲ್‌ನಲ್ಲಿ ಮಾಡುತ್ತಿದ್ದ ಬಜೆಟ್ಟನ್ನು ಪ್ಲಾನಿಂಗ್ ಸಾಫ್ಟ್‌ವೇರಿಗೆ ತಂದ ಮೊದಲ ಮಾರ್ಚ್‌ನಲ್ಲಿ ನಡೆದದ್ದು ಈ ಪ್ರಕರಣ. ಸಂಸ್ಥೆಯ ಹೆಸರು ಬೇಡ. ಅಂಕಿಗಳನ್ನೂ ಯಾರು ಬೇಕಾದರೂ ಕ್ಯಾಲ್ಕುಲೇಟರಿನಲ್ಲಿ ಕೂಡಿ ನೋಡುವಷ್ಟು ದುಂಡಗೆ ಇಟ್ಟಿದೆ. ಮೂಟೆ ಎಂದರೆ ಎಲ್ಲ ಕಡೆಯೂ 50 ಕಿಲೋ ಒಣ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು.

ಸಾಫ್ಟ್‌ವೇರ್ ಕೊಂಡಾಗ ಆಫೀಸಿನವರು ಕೇಳಿದ ಅನುಕೂಲ ಒಂದೇ: ಶೇಕಡಾ ಕಾಲಂನಲ್ಲೂ ಟೈಪ್ ಮಾಡುವಂತಿರಬೇಕು. ತೋಟದ ಮ್ಯಾನೇಜರು "ಈ ಸಲ ಹತ್ತು ಪರ್ಸೆಂಟ್ ಜಾಸ್ತಿ" ಎಂದೇ ಯೋಚಿಸುತ್ತಾರೆ, "4,400 ಮೂಟೆ" ಎಂದಲ್ಲ. ಎಕ್ಸೆಲ್‌ನಲ್ಲಿ ಒಂದು ಸೆಲ್ಲಿನಲ್ಲಿ ಸೂತ್ರ ಇರುತ್ತದೆ, ಇಲ್ಲವೇ ಟೈಪ್ ಮಾಡಿದ ಅಂಕಿ ಇರುತ್ತದೆ, ಎರಡೂ ಇರುವುದಿಲ್ಲ. ಸೂತ್ರದ ಮೇಲೆ 10 ಎಂದು ಹೊಡೆದ ಕೂಡಲೇ ಸೂತ್ರ ಅಳಿಸಿಹೋಗಿ, ಆಮೇಲೆ ಮೂಟೆ ಎಷ್ಟು ಬದಲಾದರೂ ಅಲ್ಲಿ 10 ಎಂದೇ ಕೂತಿರುತ್ತದೆ. ಬೇಕಾದ ಉತ್ತರ ಕೊಟ್ಟರೆ ಅದಕ್ಕೆ ತಕ್ಕ ಅಂಕಿ ಹುಡುಕಿಕೊಡುವ ಗೋಲ್ ಸೀಕ್ ಇದೆ ನಿಜ, ಆದರೆ ಅದು ಒಂದು ಸಲಕ್ಕೆ ಒಂದು ಸೆಲ್ಲಿನ ಕೆಲಸ. ನಾಲ್ಕು ತೋಟ, ಹನ್ನೆರಡು ತಿಂಗಳ ಬಜೆಟ್ಟಿಗೆ ಅದು ಸಾಲುವುದಿಲ್ಲ.

ಪ್ಲಾನಿಂಗ್ ಸಾಫ್ಟ್‌ವೇರ್ ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸುತ್ತದೆ. ಶೇಕಡಾವನ್ನು ಅದು ಎಲ್ಲೂ ಉಳಿಸಿಡುವುದೇ ಇಲ್ಲ. ಡೇಟಾಬೇಸಿನಲ್ಲಿ ಇರುವುದು ಕಳೆದ ವರ್ಷದ ಮೂಟೆ, ಈ ವರ್ಷದ ಮೂಟೆ, ಅಷ್ಟೆ. ಪರದೆಗೆ ತರುವಾಗ ಒಂದು ಸೂತ್ರ ಶೇಕಡಾವನ್ನು ಲೆಕ್ಕ ಹಾಕುತ್ತದೆ. ಯಾರಾದರೂ ಶೇಕಡಾ ಸೆಲ್ಲಿನಲ್ಲಿ ಟೈಪ್ ಮಾಡಿದರೆ ಅದಕ್ಕೆ ಉಲ್ಟಾ ಇರುವ ಇನ್ನೊಂದು ಸೂತ್ರ ಓಡಿ ಮೂಟೆಯನ್ನು ಬದಲಿಸುತ್ತದೆ. ಎಸ್‌ಎಪಿ ಬಿಡಬ್ಲ್ಯು ಇಂಟಿಗ್ರೇಟೆಡ್ ಪ್ಲಾನಿಂಗ್‌ನಲ್ಲಿ ಈ ಎರಡನೆಯದಕ್ಕೆ ಇನ್ವರ್ಸ್ ಫಾರ್ಮುಲಾ ಎಂದೇ ಹೆಸರು. ಅದನ್ನು ಬರೆದುಕೊಡದಿದ್ದರೆ ಸೂತ್ರದ ಸೆಲ್ ಓದುವುದಕ್ಕೆ ಮಾತ್ರ. ಟಿಎಂ1 ಎಂದು ಹೆಸರಾಗಿದ್ದ ಐಬಿಎಂ ಪ್ಲಾನಿಂಗ್ ಅನಾಲಿಟಿಕ್ಸ್‌ನಲ್ಲೂ ರೂಲ್‌ನಿಂದ ಬಂದ ಸೆಲ್ಲಿಗೆ ನೇರವಾಗಿ ಅಂಕಿ ಹಾಕಲು ಬರುವುದಿಲ್ಲ. ಒಟ್ಟು ಸೆಲ್ಲಿಗೆ ಹಾಕಿದ್ದನ್ನು ಕೆಳಗಿನ ಸೆಲ್ಲುಗಳಿಗೆ ಹಂಚಲು ಪ್ರಮಾಣಾನುಸಾರ, ಸಮಪಾಲು ಎಂದೆಲ್ಲ ಬೇರೆ ಬೇರೆ ವಿಧಾನಗಳಿವೆ. ಹೆಸರು, ಮೆನು ಬೇರೆಯಾದರೂ ಎಲ್ಲ ಕಡೆ ಕೇಳಬೇಕಾದ ಪ್ರಶ್ನೆ ಒಂದೇ: ಶೇಕಡಾ ಬದಲಾದರೆ ಯಾವ ಅಂಕಿ ಅಲುಗಬೇಕು, ಯಾವುದು ಅಲುಗಬಾರದು? ಈ ಆಫೀಸಿನಲ್ಲಿ ಆ ಪ್ರಶ್ನೆಗೆ ಸಾಲುಗಳ ಮಟ್ಟದಲ್ಲಿ ಉತ್ತರ ಬರೆದಿದ್ದರು, ಒಟ್ಟು ಸಾಲಿಗೆ ಬರೆದಿರಲಿಲ್ಲ.

ಸಾಲಿನ ಮಟ್ಟದ ಸೂತ್ರ

ಮುಂದಕ್ಕೆ: ಶೇಕಡಾ = (ಈ ವರ್ಷ − ಕಳೆದ ವರ್ಷ) ÷ ಕಳೆದ ವರ್ಷ × 100.
ಹಿಂದಕ್ಕೆ: ಈ ವರ್ಷ = ಕಳೆದ ವರ್ಷ × (1 + ಶೇಕಡಾ ÷ 100).

ಕಳೆದ ವರ್ಷದ ಅಂಕಿ ಆಗಿಹೋದ ಕೊಯ್ಲಿನದು, ಹಾಗಾಗಿ ಅದಕ್ಕೆ ಬೀಗ. ಅಲುಗುವುದು ಈ ವರ್ಷದ್ದು ಮಾತ್ರ. ಮ್ಯಾನೇಜರುಗಳು ತುಂಬಿದ್ದು ಹೀಗಿತ್ತು:

ಮೂಡಿಗೆರೆ ಕಡೆ: ಕಳೆದ ವರ್ಷ 4,000, ಶೇಕಡಾ +10, ಈ ವರ್ಷ 4,400 ಮೂಟೆ.
ಕೊಪ್ಪದ ಕಡೆ: 2,500, ಶೇಕಡಾ −4, ಈ ವರ್ಷ 2,400. ಹಳೆ ಗಿಡಗಳ ಒಂದು ಪಟ್ಟೆಯನ್ನು ಬುಡಕ್ಕೆ ಕಡಿದು ಹೊಸ ಚಿಗುರು ಬಿಟ್ಟಿರುವುದರಿಂದ ಇಳಿಕೆ.
ಸಕಲೇಶಪುರ ಕಡೆ: 3,000, ಶೇಕಡಾ +5, ಈ ವರ್ಷ 3,150.
ಆಲ್ದೂರು ಹೊಸ ಬ್ಲಾಕ್: 0, ಶೇಕಡಾ ಇಲ್ಲ, ಈ ವರ್ಷ 300.
ಒಟ್ಟು: 9,500, ಶೇಕಡಾ +7.89, ಈ ವರ್ಷ 10,250.

ಆಲ್ದೂರು ಸಾಲಿನಲ್ಲಿ ಶೇಕಡಾ ಸೆಲ್ ಖಾಲಿ. ಸೊನ್ನೆಯಿಂದ ಭಾಗಿಸಲು ಬರುವುದಿಲ್ಲವಾದ್ದರಿಂದ ಅಲ್ಲಿ ಮೂಟೆಯನ್ನೇ ಟೈಪ್ ಮಾಡಬೇಕು. ತೋಟದ ಲೆಕ್ಕ ಬರೆಯುವ ರೈಟರ್ ಹಾಗೇ ಮಾಡಿದ್ದರು. ಇಲ್ಲಿ ಕೆಲವು ಆಫೀಸುಗಳು ಒಂದು ಅಡ್ಡದಾರಿ ಹಿಡಿಯುತ್ತವೆ. ಖಾಲಿ ಕಂಡರೆ ಚೆನ್ನಾಗಿರುವುದಿಲ್ಲವೆಂದು ಸೂತ್ರದಲ್ಲಿ "ಭಾಜಕ ಸೊನ್ನೆಯಾದರೆ 0 ತೋರಿಸು" ಎಂದು ಬರೆಸುತ್ತವೆ. ಬರೀ ನೋಡುವ ರಿಪೋರ್ಟಿಗೆ ಅದು ನಡೆದೀತು. ಟೈಪ್ ಮಾಡುವ ಹಾಳೆಯಲ್ಲಿ ಅದು ಅಪಾಯ. 300 ಮೂಟೆಯ ಎದುರು "0%" ಎಂದು ಕಂಡವರು ಬೆಳವಣಿಗೆಯೇ ಇಲ್ಲ ಎಂದು ಓದುತ್ತಾರೆ. ಆ ಸೆಲ್ಲಿಗೆ ಏನೇ ಹೊಡೆದರೂ ಉತ್ತರ ಸೊನ್ನೆ ಮೂಟೆಯೇ.

ಒಟ್ಟು ಸಾಲಿನ 7.89 ಎಲ್ಲಿಂದ ಬಂತು ಎನ್ನುವುದನ್ನೂ ಗಮನಿಸಬೇಕು. ಅದು ಸಾಲುಗಳ ಶೇಕಡಾ ಕೂಡಿದ್ದಲ್ಲ (11 ಆಗುತ್ತಿತ್ತು), ಸರಾಸರಿ ತೆಗೆದದ್ದೂ ಅಲ್ಲ (3.67). ಮೊದಲು ಮೂಟೆಗಳನ್ನು ಕೂಡಿ, ಆಮೇಲೆ ಒಟ್ಟುಗಳ ಮೇಲೆ ಸೂತ್ರ ಓಡಿಸಿದ್ದು. ಶೇಕಡಾ ಕಾಲಂ ಇರುವ ಯಾವ ಹಾಳೆಯಲ್ಲೂ ಈ ಕ್ರಮ ತಪ್ಪಬಾರದು. ಸೆಟ್ಟಿಂಗಿನಲ್ಲಿ ಇದು "ಮೊದಲು ಕೂಡು, ಆಮೇಲೆ ಲೆಕ್ಕ ಹಾಕು" ಎಂಬ ಆಯ್ಕೆಯಾಗಿರುತ್ತದೆ.

12% ಹೊಡೆದ ಮಧ್ಯಾಹ್ನ

ಮೀಟಿಂಗಿನಲ್ಲಿ ಮಾಲೀಕರಿಗೆ 7.89 ಸಾಲದೆನಿಸಿತು. "ಹನ್ನೆರಡು ಮಾಡಿ" ಎಂದರು. ಅಕೌಂಟೆಂಟ್ ಒಟ್ಟು ಸಾಲಿನ ಶೇಕಡಾ ಸೆಲ್ಲಿನಲ್ಲಿ 12 ಹೊಡೆದು ಎಂಟರ್ ಒತ್ತಿದರು. ಒಟ್ಟು 10,640 ಆಯಿತು. 9,500ಕ್ಕೆ 12% ಸೇರಿಸಿದರೆ ಬರುವುದು ಅದೇ, ಸರಿಯಾಗಿದೆ. ಸೇವ್ ಮಾಡಿ ಮುಂದಿನ ವಿಷಯಕ್ಕೆ ಹೋದರು.

ಗೊತ್ತಾದದ್ದು ಕೆಲವು ದಿನಗಳ ನಂತರ, ಕೂಲಿ ಬಜೆಟ್ಟಿನ ಹಾಳೆ ತೋಟಗಳಿಗೆ ಹೋದಾಗ. ಆಲ್ದೂರಿನ ರೈಟರ್ ಫೋನ್ ಮಾಡಿ ಕೇಳಿದ್ದು: "ಸಾರ್, ನಮ್ಮ ಬ್ಲಾಕಿಗೆ ಕೊಯ್ಲು ಕೂಲಿ ಅಂತ ಏನೂ ಇಟ್ಟೇ ಇಲ್ವಲ್ಲ?"

ಒಟ್ಟಿನ ಮೇಲೆ ಬಂದ ಶೇಕಡಾವನ್ನು ಸಾಫ್ಟ್‌ವೇರ್ ಅದೇ ಶೇಕಡಾವಾಗಿ ಪ್ರತಿ ಸಾಲಿಗೂ ಇಳಿಸಿತ್ತು. ಮೂಡಿಗೆರೆ 4,480, ಕೊಪ್ಪ 2,800, ಸಕಲೇಶಪುರ 3,360, ಆಲ್ದೂರು ಸೊನ್ನೆಗೆ 12% ಸೇರಿಸಿ ಸೊನ್ನೆ. ಕೂಡಿದರೆ 10,640. ಆಲ್ದೂರಿನ 300 ಮೂಟೆ ಮಾಯ, ಆದರೂ ಒಟ್ಟು ಒಂದು ಮೂಟೆಯೂ ಹೆಚ್ಚುಕಡಿಮೆ ಇಲ್ಲ. ಹಾಗಾಗಿಯೇ ಯಾರಿಗೂ ಅನುಮಾನ ಬರಲಿಲ್ಲ. ಕಳೆದ ವರ್ಷ ಸೊನ್ನೆ ಇದ್ದ ಸಾಲು ಒಟ್ಟಿನ ಭಾಜಕಕ್ಕೆ ಏನೂ ಸೇರಿಸುವುದಿಲ್ಲ, ಆದ್ದರಿಂದ ಅದು ಅಳಿಸಿಹೋದರೂ ಒಟ್ಟು ಸರಿಯಾಗಿಯೇ ಕೂಡುತ್ತದೆ. ಒಟ್ಟನ್ನು ತಾಳೆ ನೋಡಿ ಈ ತಪ್ಪನ್ನು ಹಿಡಿಯಲು ಸಾಧ್ಯವೇ ಇಲ್ಲ.

ಕೊಪ್ಪದ್ದು ಇನ್ನೊಂದು ಬಗೆಯ ಹಾನಿ. ಗಿಡ ಕಡಿದ ತೋಟಕ್ಕೆ −4 ಹೋಗಿ +12 ಬಂತು. 400 ಮೂಟೆ ಹೆಚ್ಚುವರಿ ಫಸಲಿಗೆ ಕೂಲಿ, ಗೋಣಿಚೀಲ, ಲಾರಿ ಬಾಡಿಗೆ ಎಲ್ಲ ಬಜೆಟ್ಟಾಯಿತು. ಮ್ಯಾನೇಜರು ಬರೆದ ಷರಾ ಮಾತ್ರ ಪಕ್ಕದ ಕಾಲಂನಲ್ಲಿ ಹಾಗೇ ಇತ್ತು: ಗಿಡ ಕಡಿದಿದೆ, ಇಳುವರಿ ಕಡಿಮೆ.

ಹಂಚಿಕೆಯ ರೀತಿ ಬದಲಿಸಿದರೆ ಸರಿಹೋಗುತ್ತದೆ ಎಂಬುದು ಸಾಮಾನ್ಯವಾಗಿ ಬರುವ ಮೊದಲ ಸಲಹೆ. ಈಗಿರುವ ಯೋಜನೆಯ ಪ್ರಮಾಣದಲ್ಲಿ ಹಂಚಲಿ ಎನ್ನುತ್ತಾರೆ. ಹಾಗೆ ಮಾಡಿದರೆ 10,640ನ್ನು 10,250ರಿಂದ ಭಾಗಿಸಿ ಬರುವ 1.03805ರಿಂದ ಪ್ರತಿ ಸಾಲನ್ನೂ ಗುಣಿಸಬೇಕು. ಮೂಡಿಗೆರೆ 4,567.41, ಕೊಪ್ಪ 2,491.32, ಸಕಲೇಶಪುರ 3,269.85, ಆಲ್ದೂರು 311.41. ಆಲ್ದೂರು ಉಳಿಯಿತು, ಕೊಪ್ಪದ ಇಳಿಕೆಯೂ ಹೆಸರಿಗೆ ಉಳಿಯಿತು: −0.35%. ಮೂಡಿಗೆರೆಗೆ 14.19%, ಸಕಲೇಶಪುರಕ್ಕೆ 9% ಆಯಿತು. 12 ಎಂದು ಹೊಡೆದದ್ದು ಯಾವ ಸಾಲಿನಲ್ಲೂ ಕಾಣುವುದಿಲ್ಲ. ಮೊದಲಿನದಕ್ಕಿಂತ ಇದು ವಾಸಿ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೂ ಕಡಿದ ಗಿಡದಿಂದ 91 ಮೂಟೆ ಹೆಚ್ಚು ಬರುತ್ತದೆ ಎಂದು ಸಾಫ್ಟ್‌ವೇರ್ ತನ್ನಷ್ಟಕ್ಕೆ ತೀರ್ಮಾನಿಸಿದ್ದು ಸುಳ್ಳಲ್ಲ. ಯಾವ ಹಂಚಿಕೆ ವಿಧಾನಕ್ಕೂ ತೋಟದ ಸ್ಥಿತಿ ಗೊತ್ತಿಲ್ಲ.

ಒಟಿ 26

ಎರಡನೇ ಶೇಕಡಾ ಔಟ್‌ಟರ್ನ್, ಚಿಕ್ಕದಾಗಿ ಒಟಿ. ಒಣ ಚೆರಿಯನ್ನು ಕ್ಯೂರಿಂಗ್‌ಗೆ ಕೊಟ್ಟರೆ ಸಿಪ್ಪೆ ಹೋಗಿ ಎಷ್ಟು ಕಾಫಿ ಬೀಜ ಸಿಗುತ್ತದೆ ಎಂಬ ಲೆಕ್ಕ. ಮಲೆನಾಡಿನಲ್ಲಿ ವ್ಯಾಪಾರದ ಮಾತು ಶೇಕಡಾದಲ್ಲಿ ನಡೆಯುವುದಿಲ್ಲ. "ಒಟಿ 26" ಎಂದರೆ 50 ಕಿಲೋ ಮೂಟೆಗೆ 26 ಕಿಲೋ ಬೀಜ, ಅಂದರೆ 52%. ಸೆಲ್ಲಿನ ತಲೆಯಲ್ಲಿ ಬರೀ "ಔಟ್‌ಟರ್ನ್" ಎಂದಿದ್ದರೆ ತೋಟದ ರೈಟರ್ 26 ಎಂದೇ ಹೊಡೆಯುತ್ತಾರೆ, ಅದು ಅವರ ತಪ್ಪಲ್ಲ. ಮೂಡಿಗೆರೆಯ 4,400 ಮೂಟೆ, 2,20,000 ಕಿಲೋ ಚೆರಿಗೆ 1,14,400 ಕಿಲೋ ಬೀಜ ಬರಬೇಕಾದಲ್ಲಿ 57,200 ಬಂತು.

ಎಕ್ಸೆಲ್‌ನಿಂದ ಅಂಟಿಸುವಾಗ ಇದರ ಇನ್ನೊಂದು ರೂಪ ಕಾಣುತ್ತದೆ. 52% ಎಂದು ಕಾಣುವ ಸೆಲ್ಲಿನ ಒಳಗೆ ನಿಜವಾಗಿ ಇರುವುದು 0.52. ಸಾಫ್ಟ್‌ವೇರ್ 52 ಎಂಬ ಅಂಕಿಯನ್ನು ನಿರೀಕ್ಷಿಸುತ್ತಿದ್ದರೆ ಅದು 0.52% ಆಗಿ ಕೂರುತ್ತದೆ. ಎರಡಕ್ಕೂ ಮದ್ದು ಒಂದೇ, ಮಿತಿ ಇಡುವುದು: ರೊಬಸ್ಟಾ ಚೆರಿಗೆ 40ಕ್ಕಿಂತ ಕೆಳಗೆ, 60ಕ್ಕಿಂತ ಮೇಲೆ ಸೆಲ್ ಒಪ್ಪಬಾರದು. ಇಲ್ಲಿ ಅದರ ಜೊತೆಗೆ ಇನ್ನೊಂದು ಕಾಲಂ ಸೇರಿಸಿದರು, "ಒಟಿ (50 ಕಿಲೋಗೆ)". ಅದನ್ನೂ ಟೈಪ್ ಮಾಡಬಹುದು. ಅದರ ಉಲ್ಟಾ ಸೂತ್ರ ಅಂಕಿಯನ್ನು ಎರಡರಿಂದ ಗುಣಿಸಿ ಶೇಕಡಾಕ್ಕೆ ಕೊಡುತ್ತದೆ. ಜನ ಆಡುವ ಅಂಕಿಯನ್ನೇ ಹಾಳೆ ಕೇಳಿದರೆ ತರಬೇತಿಯ ಖರ್ಚು ಎಷ್ಟೋ ಉಳಿಯುತ್ತದೆ.

ಈ ಕಾಲಂನ ಒಟ್ಟಿನಲ್ಲೂ ಅದೇ ನಿಯಮ. ಮೂಡಿಗೆರೆ 52, ಕೊಪ್ಪ 50, ಸಕಲೇಶಪುರ 54, ಆಲ್ದೂರು 48 ಎಂದಿಟ್ಟರೆ ಸರಾಸರಿ 51. ಆದರೆ ಮೀಟಿಂಗಿಗೆ ಮುಂಚಿನ ಯೋಜನೆಯಂತೆ 5,12,500 ಕಿಲೋ ಚೆರಿಗೆ 2,66,650 ಕಿಲೋ ಬೀಜ ಸಿಗುವುದರಿಂದ ನಿಜವಾದ ಔಟ್‌ಟರ್ನ್ 52.03. ಆ ಒಂದು ಚಿಲ್ಲರೆ ಅಂಶದ ವ್ಯತ್ಯಾಸ 5,275 ಕಿಲೋ ಬೀಜ.

ಇನ್ನು ಯಾವುದು ಅಲುಗಬೇಕು ಎಂಬ ಪ್ರಶ್ನೆ. ಇಲ್ಲಿ ಮೂರು ಅಂಕಿಗಳಿವೆ: ಚೆರಿ, ಔಟ್‌ಟರ್ನ್, ಬೀಜ. ಔಟ್‌ಟರ್ನ್ ಬದಲಿಸಿದರೆ ಬೀಜ ಬದಲಾಗಬೇಕು, ಅದರಲ್ಲಿ ಗೊಂದಲವಿಲ್ಲ. ಸೇಲ್ಸ್‌ನವರು ಬೀಜದ ಸೆಲ್ಲಿನಲ್ಲೇ 1,20,000 ಹೊಡೆದರೆ? ಔಟ್‌ಟರ್ನ್ ಸ್ಥಿರ ಎಂದರೆ ಮೂಡಿಗೆರೆಯ ಫಸಲು 4,615 ಮೂಟೆಗೆ ಏರುತ್ತದೆ. ಚೆರಿ ಸ್ಥಿರ ಎಂದರೆ ಔಟ್‌ಟರ್ನ್ 54.55ಕ್ಕೆ ಏರುತ್ತದೆ. ಮಾರುವವರ ಆಸೆ ಗಿಡದಲ್ಲಿ ಕಾಯಿ ಕಟ್ಟಿಸುವುದಿಲ್ಲ. ಔಟ್‌ಟರ್ನ್ ಕೂಡ ಕಾಯಿಯ ಗಾತ್ರ, ಜಳ್ಳು, ಕಣದಲ್ಲಿ ಎಷ್ಟು ಒಣಗಿದೆ ಎಂಬುದರ ಮೇಲೆ ನಿಲ್ಲುತ್ತದೆ. ಸರಿಯಾಗಿ ಒಣಗದ ಚೆರಿ ತೂಕ ಹೆಚ್ಚು ತೂಗಿ ಔಟ್‌ಟರ್ನ್ ಇಳಿಸುತ್ತದೆ. ಹಾಗಾಗಿ ಬೀಜದ ಸೆಲ್ಲಿಗೆ ಉಲ್ಟಾ ಸೂತ್ರವನ್ನೇ ಕೊಡದೆ ಮುಚ್ಚಿದ್ದು ಸರಿಯಾದ ನಿರ್ಧಾರ. ಎಲ್ಲ ಸೆಲ್ಲನ್ನೂ ತೆರೆದಿಡಬಹುದು ಎಂದ ಮಾತ್ರಕ್ಕೆ ತೆರೆದಿಡಬೇಕಿಲ್ಲ.

60 ಹೊಡೆದರೆ 57.14

ಗ್ರೇಡ್ ಹಾಳೆಯ ಸಮಸ್ಯೆ ಸ್ವಲ್ಪ ಸೂಕ್ಷ್ಮ. ಒಂದು ಲಾಟಿನಲ್ಲಿ 1,00,000 ಕಿಲೋ ಬೀಜ ಎಂದಿಟ್ಟುಕೊಳ್ಳಿ: ಎಬಿ (ದಪ್ಪ ಬೀಜ) 55,000, ಪಿಬಿ (ಉರುಟಾದ ಒಂಟಿ ಬೀಜ) 20,000, ಸಿ (ಸಣ್ಣ ಬೀಜ) 15,000, ಬಿಬಿಬಿ (ಕಪ್ಪು, ಕಂದು, ಒಡೆದ ಬೀಜ) 10,000. ಪ್ರತಿ ಗ್ರೇಡಿನ ಪಾಲು ಶೇಕಡಾದಲ್ಲಿ ಕಾಣುತ್ತದೆ. ಎಬಿ ಪಾಲನ್ನು 55ರಿಂದ 60ಕ್ಕೆ ಏರಿಸಲು ಹೋದವರಿಗೆ ಎಂಟರ್ ಒತ್ತಿದ ಕೂಡಲೇ ಸೆಲ್ಲಿನಲ್ಲಿ ಕಂಡದ್ದು 57.14. ಮತ್ತೆ 60 ಹೊಡೆದರು, 58.33 ಬಂತು. ಸಾಫ್ಟ್‌ವೇರ್ ಕೆಟ್ಟಿದೆ ಎಂದು ದೂರು ಹೋಯಿತು.

ಕೆಟ್ಟಿರಲಿಲ್ಲ, ಹೇಳಿದ್ದನ್ನೇ ಮಾಡುತ್ತಿತ್ತು. ಒಟ್ಟು 1,00,000ದ 60% ಅಂದರೆ 60,000 ಎಂದು ಎಬಿಯಲ್ಲಿ ಬರೆಯಿತು. ಉಳಿದ ಗ್ರೇಡುಗಳು 45,000ದಲ್ಲೇ ನಿಂತಿದ್ದರಿಂದ ಒಟ್ಟು 1,05,000 ಆಯಿತು, ಪಾಲು 57.14ಕ್ಕೆ ಇಳಿಯಿತು. ಎರಡನೇ ಸಲ 1,05,000ದ 60%, ಅಂದರೆ 63,000, ಒಟ್ಟು 1,08,000. ಹೀಗೇ ಹೊಡೆಯುತ್ತ ಹೋದರೆ ಪಾಲು 60ರ ಹತ್ತಿರ ಹತ್ತಿರಕ್ಕೆ ಬರುತ್ತದೆ, ಅಷ್ಟರಲ್ಲಿ ಎಬಿ 67,500 ಆಗಿ ಲಾಟಿನ ತೂಕ 1,12,500 ಕಿಲೋ ಮುಟ್ಟಿರುತ್ತದೆ. ಪಾಲನ್ನು ಸರಿಪಡಿಸುವ ಹೆಸರಿನಲ್ಲಿ ಇಲ್ಲದ 12,500 ಕಿಲೋ ಕಾಫಿ ಹುಟ್ಟಿಕೊಂಡಿತು.

ಕಾರಣ, ಭಾಜಕದ ಒಳಗೇ ಭಾಜ್ಯವೂ ಇದೆ. ಇಂಥ ಕಡೆ ಗ್ರೇಡುಗಳನ್ನು ಕೂಡಿ ಬರುವ ಒಟ್ಟನ್ನು ಆಧಾರ ಮಾಡಿಕೊಳ್ಳಬಾರದು. ಔಟ್‌ಟರ್ನ್ ಹಾಳೆಯಿಂದ ಬರುವ ಬೀಜದ ತೂಕವನ್ನು ಬೇರೆ ಅಳತೆಯಾಗಿ ತಂದು, ಪಾಲನ್ನು ಅದರ ಮೇಲೆ ಲೆಕ್ಕ ಹಾಕಬೇಕು. ಆಗ ಎಬಿಗೆ 60 ಹೊಡೆದರೆ 60,000 ಬಂದು 60 ಎಂದೇ ನಿಲ್ಲುತ್ತದೆ, ಪಾಲುಗಳ ಮೊತ್ತ 105 ಎಂದು ಕೆಂಪಗೆ ಕಾಣುತ್ತದೆ. ಉಳಿದದ್ದನ್ನು ತಾನಾಗಿ ತಗ್ಗಿಸು ಎಂದು ಹೇಳಿದರೆ ಪಿಬಿ 17,778, ಸಿ 13,333, ಬಿಬಿಬಿ 8,889ಕ್ಕೆ ಇಳಿಯುತ್ತವೆ. ಈ ಆಫೀಸಿನವರು ತಾನಾಗಿ ತಗ್ಗಿಸುವುದು ಬೇಡ ಎಂದರು. ಎಬಿ ಹೆಚ್ಚಿದರೆ ಕಡಿಮೆಯಾಗುವುದು ಬಹುಪಾಲು ಸಿ, ಪಿಬಿ ಅಷ್ಟಾಗಿ ಅಲ್ಲ ಎಂಬುದು ಅವರ ಲೆಕ್ಕ. ಮೊತ್ತ 100 ಆಗುವವರೆಗೆ ಹಾಳೆ ಸೇವ್ ಆಗುತ್ತದೆ, ಮಂಜೂರಿಗೆ ಮಾತ್ರ ಹೋಗುವುದಿಲ್ಲ.

ಸಣ್ಣವು, ಆದರೆ ಕಾಡುವವು

ಒಟ್ಟು ಸಾಲಿನಲ್ಲಿ 7.89 ಕಾಣುತ್ತದೆ, ನಿಜವಾದ ಬೆಲೆ 7.8947 ಹೀಗೆ ಮುಂದುವರಿಯುತ್ತದೆ. ಯಾರೋ ಸೆಲ್ಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಏನೂ ಬದಲಿಸದೆ ಎಂಟರ್ ಒತ್ತಿದರೆ ಕಂಡ ಅಂಕಿಯೇ ಹೊಸ ಅಂಕಿಯಾಗಿ ಹೋಗಿ 10,250 ಇದ್ದದ್ದು 10,249.55 ಆಗುತ್ತದೆ. ಪ್ರಮಾಣಾನುಸಾರ ಹಂಚುವ ಹಾಳೆಯಾದರೆ ಅರ್ಧ ಮೂಟೆಯ ಕೊರತೆ ನಾಲ್ಕು ಸಾಲಿಗೆ ಚಿಲ್ಲರೆಯಾಗಿ ಹಂಚಿಹೋಗುತ್ತದೆ. ಕಂಡ ಅಂಕಿಯನ್ನೇ ಮತ್ತೆ ಹೊಡೆದರೆ ಬರೆಯಬೇಡ ಎಂಬ ಷರತ್ತು ಉಲ್ಟಾ ಸೂತ್ರದಲ್ಲಿ ಇರಬೇಕು. ಮೂಟೆಯನ್ನು ಪೂರ್ಣಾಂಕಕ್ಕೆ ತರುವುದಾದರೆ ಸಾಲಿನಲ್ಲಿ ತರಬೇಕು, ಒಟ್ಟಿನಲ್ಲಲ್ಲ.

ಒಂದೇ ಸಾಲಿನಲ್ಲಿ ಮೂಟೆಯನ್ನೂ ಶೇಕಡಾವನ್ನೂ ಬದಲಿಸಿ ಒಟ್ಟಿಗೆ ಸೇವ್ ಕೊಟ್ಟರೆ ಯಾವುದು ಗೆಲ್ಲಬೇಕು? ನಿಯಮ ಬರೆಯದಿದ್ದರೆ ಯಾವುದೋ ಒಂದು ಗೆಲ್ಲುತ್ತದೆ. ಇಲ್ಲಿ ಮೂಟೆ ಗೆಲ್ಲಲಿ ಎಂದಿಟ್ಟರು.

ಒಟ್ಟಿನ ಮೇಲೆ ಬರೆಯಲು ಅದರ ಕೆಳಗಿನ ಎಲ್ಲ ಸಾಲಿಗೂ ಬೀಗ ಬೀಳುತ್ತದೆ. ತೋಟದವರು ಅಂಕಿ ತುಂಬುವ ವಾರದಲ್ಲಿ ಹೆಡ್ ಆಫೀಸಿನವರು ಆ ಹಾಳೆಯನ್ನು ಬದಲಿಸುವ ಮೋಡಿನಲ್ಲಿ ತೆರೆದಿಟ್ಟು ಊಟಕ್ಕೆ ಹೋದರೆ ನಾಲ್ಕು ತೋಟದ ಕೆಲಸ ನಿಲ್ಲುತ್ತದೆ.

ವರ್ಷದ ವಿಷಯವೂ ಒಂದಿದೆ. ಕಾಫಿಯ ಹಂಗಾಮು ಅಕ್ಟೋಬರಿನಿಂದ ಸೆಪ್ಟೆಂಬರ್, ಲೆಕ್ಕಪತ್ರದ್ದು ಏಪ್ರಿಲ್‌ನಿಂದ ಮಾರ್ಚ್. ಜನವರಿಯಲ್ಲಿ ಕೊಯ್ದ ಚೆರಿ ಮೇ ತಿಂಗಳಲ್ಲಿ ಮಾರಾಟವಾದರೆ ಫಸಲಿನ ಶೇಕಡಾ ಒಂದು ವರ್ಷದ್ದು, ಮಾರಾಟದ ಶೇಕಡಾ ಇನ್ನೊಂದರದ್ದು. ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇಡುವುದಾದರೆ ಕಾಲಂನ ತಲೆಯಲ್ಲೇ ಯಾವ ವರ್ಷ ಎಂದು ಬರೆಯಬೇಕು.

ಮತ್ತೆ ಕಟ್ಟಿದ ರೀತಿ

ಮೊದಲ ಕೆಲಸ ಸಾಫ್ಟ್‌ವೇರಿನ ಹೊರಗೆ, ಒಂದು ಹಾಳೆಯಲ್ಲಿ ನಡೆಯಿತು. ಪ್ರತಿ ಶೇಕಡಾಕ್ಕೂ ಭಾಜ್ಯ ಯಾವುದು, ಭಾಜಕ ಯಾವುದು, ಟೈಪ್ ಮಾಡಿದರೆ ಅಲುಗುವುದು ಯಾವುದು, ಭಾಜಕ ಸೊನ್ನೆಯಾದರೆ ಏನು, ಒಟ್ಟು ಸಾಲಿನಲ್ಲಿ ಬರೆಯಬಹುದೇ ಎಂದು ಬರೆದರು. ಬಜೆಟ್ಟಿನಲ್ಲಿದ್ದ ಶೇಕಡಾ ಕಾಲಂಗಳಲ್ಲಿ ಬಹಳಷ್ಟು ಓದುವುದಕ್ಕಷ್ಟೇ ಸಾಕು ಎಂಬುದು ಆಗಲೇ ಗೊತ್ತಾಯಿತು. ಬಜೆಟ್ಟಿಗೂ ಖರ್ಚಾದದ್ದಕ್ಕೂ ಇರುವ ವ್ಯತ್ಯಾಸದ ಶೇಕಡಾವನ್ನು ಟೈಪ್ ಮಾಡುವಂತೆ ಇಟ್ಟದ್ದು ಏಕೆ ಎಂದು ಯಾರಿಗೂ ನೆನಪಿರಲಿಲ್ಲ.

ಪರೀಕ್ಷೆಗೆ ನಿಜವಾದ ಡೇಟಾ ಬಳಸಲಿಲ್ಲ. ಕಿರಿಕಿರಿ ಕೊಡುವಂಥ ಸಾಲುಗಳನ್ನೇ ಹುಡುಕಿ ಹಾಕಿದರು. ಕಳೆದ ವರ್ಷ ಸೊನ್ನೆ ಇರುವ ಸಾಲು, ಈ ವರ್ಷ ಸೊನ್ನೆ ಇರುವ ಸಾಲು, ಎರಡೂ ಖಾಲಿ ಇರುವ ಸಾಲು, −100% ಹೊಡೆದ ಸಾಲು. −100 ಹೊಡೆದರೆ ಈ ವರ್ಷದ ಅಂಕಿ ಸೊನ್ನೆಯಾಗುತ್ತದೆ, ಆಮೇಲೆ ಅದೇ ಸೆಲ್ಲಿಗೆ +5 ಹೊಡೆದರೆ ಮತ್ತೆ ಬರಬೇಕು. ಕಳೆದ ವರ್ಷದ ಆಧಾರ ಇರುವುದರಿಂದ ಬಂತು. ಪ್ರಮಾಣಾನುಸಾರ ಹಂಚುವ ಹಾಳೆಯಲ್ಲಿ ಎಲ್ಲ ಸಾಲೂ ಸೊನ್ನೆಯಾದ ಮೇಲೆ ಒಟ್ಟಿನಿಂದ ವಾಪಸ್ ಬರಲು ದಾರಿಯೇ ಇಲ್ಲ, ಹಂಚಲು ಪ್ರಮಾಣವೇ ಉಳಿದಿರುವುದಿಲ್ಲ.

ಒಟ್ಟು ಸಾಲಿನ ಶೇಕಡಾ ಈಗ ಕೆಳಗಿನ ಸಾಲುಗಳನ್ನು ಮುಟ್ಟುವುದಿಲ್ಲ. ಮಾಲೀಕರು ಹೇಳುವ 12% "ಗುರಿ" ಎಂಬ ಬೇರೆ ಆವೃತ್ತಿಯಲ್ಲಿ ಕೂರುತ್ತದೆ, ಯೋಜನೆ ತನ್ನ ಪಾಡಿಗೆ ಇರುತ್ತದೆ, ಎರಡರ ನಡುವಿನ ಅಂತರ ಮೂರನೇ ಸಾಲಾಗಿ ಕಾಣುತ್ತದೆ. ಗುರಿ 10,640, ಯೋಜನೆ 10,250, ಅಂತರ 390. ಆ 390ನ್ನು ಯಾರು ಹೊರುತ್ತಾರೆ ಎಂಬುದು ಮ್ಯಾನೇಜರುಗಳ ಮೀಟಿಂಗಿನ ವಿಷಯ. ಮೂಡಿಗೆರೆಯವರು 4,500ಕ್ಕೆ, ಸಕಲೇಶಪುರದವರು 3,270ಕ್ಕೆ ಒಪ್ಪಿದರು. ಕೊಪ್ಪ 2,400ರಿಂದ, ಆಲ್ದೂರು 300ರಿಂದ ಕದಲಲಿಲ್ಲ. ಯೋಜನೆ 10,470ಕ್ಕೆ ನಿಂತಿತು, ಶೇಕಡಾ 10.21. ಉಳಿದ 170 ಮೂಟೆ ಅಂತರವನ್ನು ಯಾರ ತಲೆಗೂ ಕಟ್ಟದೆ ಹಾಗೇ ಬಿಟ್ಟು ಮಂಜೂರು ಮಾಡಿದ್ದಾರೆ; ಹೂಮಳೆ ಬಿದ್ದು ಕಾಯಿ ಕಚ್ಚಿದ ಮೇಲೆ ತೋಟದಿಂದ ಬರುವ ಅಂದಾಜಿನ ಜೊತೆಗೆ ಅದನ್ನು ಮತ್ತೆ ತೆರೆಯುತ್ತಾರೆ.